ಮಗು ಚೀರಿದಾಗ ತಿರುಗುವ ತಲೆಗಳು

ಮಂಗಳೂರಿನಿಂದಲೋ ಧಾರವಾಡದಿಂದಲೋ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಎಳೆಯ ಕ್ರೈಸ್ತ ಕುಟುಂಬಕ್ಕೆ ಇಲ್ಲಿ ಚರ್ಚುಗಳ ಕೊರತೆಯೇನಿಲ್ಲ. ಆರಿಸುವಾಗ ಕಣ್ಣಿಗೆ ಬೀಳುವುದು ಗಾಯನವೃಂದ, ಬೋಧಕರ ಮಾತುಗಾರಿಕೆ, ಪಾರ್ಕಿಂಗ್ (ಈ ಊರಿನಲ್ಲಿ ಅದೂ ಸಣ್ಣ ವಿಷಯವಲ್ಲ, ಬಿಡಿ). ನೋಡಬೇಕಾದದ್ದು ಬೇರೆ. ಪ್ರಸಂಗದ ನಡುವೆ ಎರಡು ವರ್ಷದ ಮಗು ಚೀರಿದಾಗ ಮುಂದಿನ ಬೆಂಚಿನ ತಲೆಗಳು ತಿರುಗುವುದು ಹುಬ್ಬು ಗಂಟಿಕ್ಕಲೋ, ನಕ್ಕು ಜಾಗ ಬಿಡಲೋ? ಬಾಗಿಲಲ್ಲಿ ಕೈಕುಲುಕುವುದು ಒಂದು ನಿಮಿಷದ ಕೆಲಸ. ಆ ಚೀರಾಟವನ್ನು ವಾರವಾರವೂ ತಾಳಿಕೊಳ್ಳುವುದೇ ನಿಜವಾದ ಸ್ವಾಗತ.

ಆರಾಧನೆಗೆ ಮೌನ ಬೇಡವೇ, ವಯಸ್ಸಾದವರ ಪಾಡೇನು ಎಂಬ ಆಕ್ಷೇಪದಲ್ಲಿ ನ್ಯಾಯವಿದೆ. ಆದರೆ ಮಕ್ಕಳನ್ನು ತಡೆಯಬೇಡಿರೆಂದು ಯೇಸು ಶಿಷ್ಯರಿಗೆ ಹೇಳಿದ್ದನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆದಿದ್ದಾರೆ. ಸಂಡೇ ಸ್ಕೂಲಿಗೆ ಕಳಿಸಿದರಾಯಿತು ಎನ್ನುವವರಿಗೆ ಒಂದು ಮಾತು: 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಅಂಥ ಶಾಲೆ ತೆರೆದದ್ದು ವಾರವಿಡೀ ದುಡಿಯುವ ಬಡಮಕ್ಕಳಿಗೆ ಓದು ಕಲಿಸಲು, ದೊಡ್ಡವರ ನೆಮ್ಮದಿಗಲ್ಲ. ಭಾಷೆಯದೂ ಇದೇ ಲೆಕ್ಕ. ಕ್ಯಾಥೊಲಿಕರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜೆಗೆ ಜನಭಾಷೆಗಳ ಬಾಗಿಲು ತೆರೆಯಿತು; ಬೆಂಗಳೂರಿನಲ್ಲೇ ಇರುವ ಸಿಎಸ್ಐನ (ದಕ್ಷಿಣ ಭಾರತ ಸಭೆಯ) ಹಡ್ಸನ್ ಸ್ಮಾರಕ ಚರ್ಚು ಕನ್ನಡ ಆರಾಧನೆಗೇ ಹೆಸರಾದದ್ದು. ಇಂಗ್ಲಿಷಿನಲ್ಲಾದರೆ ಮಕ್ಕಳಿಗೆ ಸಲೀಸು, ನಿಜ. ಆದರೆ ಊರಿಂದ ಬಂದ ಅಜ್ಜಿ ಮೊಮ್ಮಗನೊಂದಿಗೆ ಒಂದೇ ಕೀರ್ತನೆ ಪುಸ್ತಕ ಹಿಡಿದು ಹಾಡಲಾಗದಿದ್ದರೆ ಅರ್ಧ ಕುಟುಂಬ ಹೊರಗೇ ಉಳಿದಂತೆ. ಒಂದೇ ಭಾನುವಾರ ನೋಡಿ ತೀರ್ಮಾನಿಸುವುದು ಬೇಡ, ತಿಂಗಳಾದರೂ ಕೂತು ನೋಡಲಿ. ನಾಲ್ಕನೇ ವಾರವೂ ಯಾರೊಬ್ಬರೂ ಮಗುವನ್ನು ಹೆಸರು ಹಿಡಿದು ಕರೆಯದಿದ್ದರೆ ಬೇರೆ ಚರ್ಚು ಹುಡುಕುವುದರಲ್ಲಿ ತಪ್ಪಿಲ್ಲ.