ಅವ್ವ ನೀರು ಕುಡಿದು ಹೊರಟ ಪ್ರವಾಸ

ನಮ್ಮ ಮನೆಯ ಹೆಂಗಸರು ಊರಿಗೆ ಹೊರಟ ದಿನ ಬೆಳಿಗ್ಗೆಯಿಂದಲೇ ನೀರು ಕಡಿಮೆ ಮಾಡುತ್ತಾರೆ. ಚಹಾ ಅರ್ಧ ಕಪ್. ಬಾಟಲಿ ತುಂಬಿಸಿ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ, ಆದರೆ ಮುಚ್ಚಳ ತೆಗೆಯುವುದಿಲ್ಲ. ಕಲಬುರಗಿಯಿಂದ ಕಮಲಾಪುರ ಎಷ್ಟು ದೂರ ಹೇಳಿ? ಹುಮನಾಬಾದ್ ರಸ್ತೆ ಹಿಡಿದರೆ ಹೆಚ್ಚೆಂದರೆ ಒಂದು ತಾಸು. ಅಷ್ಟಕ್ಕೂ ಇದೇ ಲೆಕ್ಕ. "ಬಿಸಿಲದ, ಒಂದ್ ಗುಟುಕು ಕುಡಿ ಅವ್ವಾ" ಅಂದರೆ ಅವ್ವನ ಉತ್ತರ ಒಂದೇ: "ದಾರ್ಯಾಗ ಎಲ್ಲಿ ಇಳಸ್ತಿ?"

ನಿಮ್ಮ ಮನೆಯಲ್ಲೂ ಒಮ್ಮೆ ಗಮನಿಸಿ. ನಾವು ಶನಿವಾರ ಬಂತೆಂದರೆ ಕೆರೆ ದಂಡೆ, ಟೆಂಟ್, ಬೆಂಕಿ ಅಂತ ಗ್ರೂಪಿನಲ್ಲಿ ಪ್ಲ್ಯಾನ್ ಹಾಕುತ್ತೇವೆ. ಅಮ್ಮಂದಿರನ್ನು ಕರೆದರೆ "ನನಗ್ಯಾಕ ಬೇಕು ಅದು, ನೀವ್ ಹೋಗ್ರಿ" ಅನ್ನುತ್ತಾರೆ. ಅವರಿಗೆ ಆಸಕ್ತಿ ಇಲ್ಲ ಎಂದು ನಾವು ಆರಾಮವಾಗಿ ನಂಬಿಬಿಡುತ್ತೇವೆ. ನಿಜವಾದ ಪ್ರಶ್ನೆಯನ್ನು ಅವರು ಬಾಯಿ ಬಿಟ್ಟು ಕೇಳುವುದಿಲ್ಲ: ರಾತ್ರಿ ಎರಡಕ್ಕೆ ಎಚ್ಚರವಾದರೆ ಎಲ್ಲಿಗೆ ಹೋಗಬೇಕು?

ಇದು ನನಗೆ ಹೊಳೆದದ್ದು ಅಮೆರಿಕದ ಮಿಶಿಗನ್‌ನಲ್ಲಿ. ಕಳೆದ ಜೂನ್‌ನಲ್ಲಿ ಅವ್ವನನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಎರಡು ರಾತ್ರಿಗೆ ಒಂದು ಟ್ರೇಲರ್ ಬಾಡಿಗೆಗೆ ತೆಗೆದುಕೊಂಡಿದ್ದಳು. ಟ್ರೇಲರ್ ಅಂದಕೂಡಲೇ ಕಮಲಾಪುರದವರಿಗೆ ಕಣ್ಣಿಗೆ ಬರುವುದು ಟ್ರ್ಯಾಕ್ಟರ್ ಹಿಂದಿನದು. "ಅದರಾಗ ಮಲಗೂದೇನು?" ಅಂತ ಅವ್ವ ಗಾಬರಿಯಾದಳು. ಒಳಗೆ ಮಂಚ, ಒಲೆ, ಫ್ರಿಜ್ ಎಲ್ಲ ನೋಡಿದಳು. ಕೊನೆಗೆ ಮೂಲೆಯ ಸಣ್ಣ ಬಾಗಿಲು ತೆಗೆದಳು. ಕಮೋಡ್, ಪಕ್ಕಕ್ಕೆ ಹಿಡಿಯಲು ಸರಳು, ನೀರು ಬಿಡಲು ಕಾಲಿನ ಪೆಡಲ್. ಬಾಗಿಲು ಮುಚ್ಚಿ ಹೊರಗೆ ಬಂದವಳೇ ಒಂದು ಲೋಟ ನೀರು ಕುಡಿದಳು. ಹೊರಡುವ ಮುಂಚೆ!

ಹೋಗಿದ್ದು ಇಂಟರ್‌ಲಾಕನ್ ಸ್ಟೇಟ್ ಪಾರ್ಕ್‌ಗೆ. ಮಿಶಿಗನ್ ರಾಜ್ಯದ ಮೊದಲ ಸ್ಟೇಟ್ ಪಾರ್ಕ್ ಅದು, 1917ರದ್ದು. ಡಕ್ ಲೇಕ್, ಗ್ರೀನ್ ಲೇಕ್ ಎಂಬ ಎರಡು ಕೆರೆಗಳ ನಡುವೆ ಎತ್ತರದ ಪೈನ್ ಮರಗಳು. ಜೂನ್‌ನಲ್ಲಿ ಅಲ್ಲಿ ಹೊತ್ತು ಮುಳುಗುವುದೇ ರಾತ್ರಿ ಒಂಬತ್ತೂವರೆ ಹೊತ್ತಿಗೆ. ಅವ್ವ ಕೆರೆ ನೋಡುತ್ತಾ ಕುಳಿತವಳು ಊಟಕ್ಕೆ ಕರೆದರೂ ಏಳಲಿಲ್ಲ.

ಆದರೆ ನಾನು ಅಲ್ಲಿ ಹೆಚ್ಚು ನೋಡಿದ್ದು ಕೆರೆಯನ್ನಲ್ಲ, ವ್ಯವಸ್ಥೆಯನ್ನು. ಟ್ರೇಲರ್ ಹೊಟ್ಟೆಯಲ್ಲಿ ಮೂರು ಟ್ಯಾಂಕ್. ಒಂದರಲ್ಲಿ ಶುದ್ಧ ನೀರು, ಇನ್ನೊಂದರಲ್ಲಿ ಸಿಂಕ್ ಮತ್ತು ಸ್ನಾನದ ಬಳಸಿದ ನೀರು, ಮೂರನೆಯದರಲ್ಲಿ ಶೌಚದ್ದು. ನೆಲಕ್ಕೆ ಒಂದು ಹನಿ ಬಿಡುವಂತಿಲ್ಲ. ವಾಪಸ್ ಹೊರಡುವಾಗ ಪಾರ್ಕಿನಲ್ಲೇ ಇರುವ ನಿಗದಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಕೈಗೆ ಗ್ಲೌಸ್ ಹಾಕಿ, ದಪ್ಪ ಪೈಪಿನಿಂದ ಖಾಲಿ ಮಾಡಬೇಕು. ಮೊದಲು ಶೌಚದ ಟ್ಯಾಂಕ್, ಆಮೇಲೆ ಸಿಂಕ್ ನೀರು. ಆಗ ಪೈಪ್ ತಾನಾಗಿಯೇ ತೊಳೆದಂತಾಗುತ್ತದೆ. ಈ ಕೆಲಸ ಭಾವನ ಪಾಲಿಗೆ ಬಂತು. ಅವ್ವ ದೂರ ನಿಂತು ನೋಡಿ, "ಛಲೋ ಆತು, ಯಾರರ ಮಾಡಲೇಬೇಕಲ್ಲ" ಅಂದಳು.

ಕರೆಂಟಿಗೂ ಲೆಕ್ಕ ಇದೆ. ನಮ್ಮ ಟ್ರೇಲರ್‌ನದ್ದು 30 ಆಂಪ್ ಪ್ಲಗ್. ಅಲ್ಲಿನ 120 ವೋಲ್ಟ್‌ಗೆ ಒಟ್ಟು 3600 ವ್ಯಾಟ್. ಎಸಿ ಓಡುವಾಗ ಮೈಕ್ರೋವೇವ್, ನೀರಿನ ಹೀಟರ್ ಎರಡನ್ನೂ ಹಾಕಿದರೆ ಫ್ಯೂಸ್ ಹೋದಂತೆಯೇ. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಸದ್ದು ಮಾಡುವಂತಿಲ್ಲ. ಸೌದೆ ಉಳಿಯಿತು, ಮನೆಗೆ ಒಯ್ಯೋಣ ಎಂದು ಅವ್ವ ಕಟ್ಟಿಕೊಂಡರೆ ಅಕ್ಕ ಬೇಡವೆಂದಳು. 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಒಂದು ಹಸಿರು ದುಂಬಿ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಅದು ಊರಿಂದೂರಿಗೆ ಹೋಗಿದ್ದು ಹೆಚ್ಚಾಗಿ ಸೌದೆಯ ಜೊತೆ. ಅದಕ್ಕೇ ಸೌದೆಯನ್ನು ಉರಿಸುವ ಕಡೆಯೇ ಕೊಳ್ಳಬೇಕಂತೆ. "ಕಟ್ಟಿಗೀಗೂ ಪಾಸ್‌ಪೋರ್ಟ್ ಬೇಕೇನು?" ಅಂದಳು ಅವ್ವ.

ಹೊರಗೆ ಊಟ ಮಾಡಿ ಮರದ ಕೆಳಗೆ ಕೂರುವುದು ನಮಗೆ ಹೊಸದಲ್ಲ. ಎಳ್ಳ ಅಮಾವಾಸ್ಯೆಗೆ ನಮ್ಮ ಭಾಗದಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬಂಡಿ, ಟ್ರ್ಯಾಕ್ಟರ್, ಈಗ ಕಾರು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಚರಗ ಚೆಲ್ಲಿ, ಉಂಡು, ಹೊತ್ತು ಮುಳುಗುವ ಮುಂಚೆ ಮನೆ. ರಾತ್ರಿ ಉಳಿಯುವ ಮಾತು ಬಂದಾಗಲೇ ಹೆಂಗಸರು ಹಿಂದೆ ಸರಿಯುತ್ತಾರೆ.

ಹಾಗಂತ ಎಲ್ಲರೂ ಟ್ರೇಲರ್ ಕೊಳ್ಳಬೇಕು ಎನ್ನುತ್ತಿಲ್ಲ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಎಳೆಯುವ ಕಾರಿನ ಜೊತೆ ಅದಕ್ಕೂ ಬೇರೆ ನೋಂದಣಿ ಬೇಕು. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಾಗ ಗಾಡಿಯ ಜೊತೆಗೆ ಅದು ನಿಲ್ಲುವ ಪಾರ್ಕ್‌ಗಳನ್ನೂ ಸೇರಿಸಿತು. ಜಾಣತನದ ಮಾತು ಅದು. ನಿಲ್ಲಿಸಲು ಜಾಗ, ನಲ್ಲಿ, ಕರೆಂಟು, ಟ್ಯಾಂಕ್ ಖಾಲಿ ಮಾಡುವ ಗುಂಡಿ ಇಲ್ಲದಿದ್ದರೆ ಎಷ್ಟು ದುಬಾರಿ ಗಾಡಿಯೂ ಎರಡನೇ ದಿನಕ್ಕೆ ವಾಸನೆ ಹೊಡೆಯುವ ಡಬ್ಬಿ.

ನಮಗೆ ನೀರಿನ ದಂಡೆಗೇನೂ ಕೊರತೆಯಿಲ್ಲ. ಕಮಲಾಪುರ ತಾಲ್ಲೂಕಿನ ಬೆಳಕೋಟಾದಲ್ಲಿ ಗಂಡೋರಿ ನಾಲಾ ಜಲಾಶಯ ಇದೆ. ಕಲಬುರಗಿಯಿಂದ ಎರಡು ತಾಸಿನ ದಾರಿಯಲ್ಲಿ ಚಿಂಚೋಳಿ ಕಾಡಿನ ನಡುವೆ ಚಂದ್ರಂಪಳ್ಳಿ ಜಲಾಶಯ. ಆ ಕಾಡು 2011ರಿಂದ ವನ್ಯಜೀವಿಧಾಮ, 134.88 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬಗಳ ಮನೆ. ಮಳೆ ಮುಗಿದ ಮೇಲೆ ಫೆಬ್ರುವರಿವರೆಗೆ ಹೋಗಲು ಚೆಂದ. ಏಪ್ರಿಲ್ ಬಿಸಿಲಲ್ಲಿ ಟೆಂಟ್ ಎಂದರೆ ತಂದೂರಿ ಒಲೆ. ಇಂಥ ನೀರಿನ ದಂಡೆಗೆ ಬೇಕಾದದ್ದು ರೆಸಾರ್ಟ್ ಅಲ್ಲ. ಹತ್ತು ಸಮತಟ್ಟು ಜಾಗ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ, ಅಲ್ಲಿಯವರೆಗೆ ದೀಪ, ಅದನ್ನು ದಿನಾ ತೊಳೆಯುವವರಿಗೆ ಸರಿಯಾದ ಸಂಬಳ. ಇಷ್ಟಿದ್ದರೆ ಟೆಂಟಿನವರೂ ಬರುತ್ತಾರೆ, ಟ್ರೇಲರಿನವರೂ ಬರುತ್ತಾರೆ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಬುಕ್ ಮಾಡುವ ಮುಂಚೆ ಕೇಳುವುದು. ಶೌಚಾಲಯ ಟೆಂಟಿನಿಂದ ಎಷ್ಟು ಹೆಜ್ಜೆ? ಕಮೋಡ್ ಇದೆಯಾ, ಮೊಣಕಾಲು ನೋವಿನವರಿಗೆ ಹಿಡಿಕೆ ಇದೆಯಾ? ರಾತ್ರಿಯಿಡೀ ನೀರು, ದೀಪ ಇರುತ್ತಾ? ಕೊಳೆ ನೀರು ಎಲ್ಲಿಗೆ ಹೋಗುತ್ತೆ? ಕೊನೆಯ ಪ್ರಶ್ನೆ ಕೆರೆಗಾಗಿ. ಪಾತ್ರೆ ತೊಳೆದ ನೀರನ್ನೂ ದಂಡೆಯಿಂದ ಕನಿಷ್ಠ 60 ಮೀಟರ್ ದೂರ ಚೆಲ್ಲಬೇಕು ಅನ್ನುವುದು ಕ್ಯಾಂಪಿಂಗ್ ಮಾಡುವವರು ಎಲ್ಲೆಡೆ ಪಾಲಿಸುವ ನಿಯಮ.

ಫೋನಿನಲ್ಲಿ ಇದನ್ನೆಲ್ಲ ಕೇಳಲು ಮುಜುಗರ ಅನ್ನಿಸಬಹುದು. ಕೇಳಿ. ವೈಫೈ ಇದೆಯಾ ಎಂದು ಹತ್ತು ಮಂದಿ ಕೇಳಿದ್ದಕ್ಕೇ ಅಲ್ಲವೇ ಎಲ್ಲ ಕಡೆ ವೈಫೈ ಬಂದದ್ದು? ಶೌಚಾಲಯವನ್ನೂ ಹತ್ತು ಮಂದಿ ಕೇಳಲಿ. ಉತ್ತರ ಸರಿ ಬಂದ ದಿನ ಎರಡು ಸೀಟು ಜಾಸ್ತಿ ಬುಕ್ ಮಾಡಿ. ಆಮೇಲೆ "ನನಗ್ಯಾಕ ಬೇಕು ಅದು" ಅನ್ನುವವರನ್ನು ಇನ್ನೊಮ್ಮೆ ಕರೆದು ನೋಡಿ.