ಭಯಕ್ಕೆ ಸಾಕ್ಷಿ ಯಾರು?

ವಿಭೀಷಣನು ಲಂಕೆಯನ್ನು ತೊರೆದು, ಕಡಲನ್ನು ದಾಟಿ ಬಂದು ಆಶ್ರಯ ಬೇಡಿದಾಗ ಸುಗ್ರೀವನ ಮನಸ್ಸಿನಲ್ಲಿ ಮೊದಲು ಹುಟ್ಟಿದ್ದು ಕರುಣೆಯಲ್ಲ, ಸಂಶಯ. ಬಂದವನು ಶತ್ರುವಿನ ತಮ್ಮ, ಗೂಢಚಾರನೇಕಾಗಿರಬಾರದು? ಸೇನೆಯ ಹೊಣೆ ಹೊತ್ತವನಿಗೆ ಈ ಸಂಶಯ ಸಹಜವೇ. ಹನುಮಂತನು ಬಂದವನ ಮಾತನ್ನೂ ಮುಖಭಾವವನ್ನೂ ಗಮನಿಸಿ ಅವನ ಪರವಾಗಿ ನುಡಿದನು, ರಾಮನು ಅಭಯವಿತ್ತನು. ಮನೆಮನೆಯಲ್ಲಿ ಕೇಳಿ ಬೆಳೆದ ಕಥೆ ಇದು. ಆದರೆ ಇಂದಿನ ರಾಜ್ಯಗಳ ಹೆಬ್ಬಾಗಿಲಿನಲ್ಲಿ ಶರಣಾಗತನನ್ನು ಮೊದಲು ಎದುರುಗೊಳ್ಳುವವನು ಬಹುಮಟ್ಟಿಗೆ ಸುಗ್ರೀವನೇ. ಅವನ ಕೈಯಲ್ಲಿ ಅರ್ಜಿಯ ನಮೂನೆ; ಬಾಯಲ್ಲಿ ಒಂದೇ ಪ್ರಶ್ನೆ: “ನಿನ್ನ ಭಯಕ್ಕೆ ಸಾಕ್ಷಿ ಏನು?”

ಈ ಪ್ರಶ್ನೆಗೆ ಉತ್ತರ ಕೊಡಲು ಅತ್ಯಂತ ಕಷ್ಟಪಡುವವರಲ್ಲಿ ಲಿಂಗತ್ವ ಅಲ್ಪಸಂಖ್ಯಾತರೂ ಸೇರಿದ್ದಾರೆ. ಹುಟ್ಟಿನಲ್ಲಿ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬಾಳುವವರು, ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬಾಳುವವರು ಲೋಕದ ಎಲ್ಲ ದೇಶಗಳಲ್ಲಿಯೂ ಉಂಟು. ಅವರಲ್ಲಿ ಕೆಲವರಿಗೆ ಸ್ವದೇಶದಲ್ಲಿ ಜೀವ ಉಳಿಸಿಕೊಳ್ಳುವುದೇ ದುಸ್ತರವಾಗಿ, ಪರದೇಶದ ಬಾಗಿಲು ತಟ್ಟುತ್ತಾರೆ.

ಆ ಬಾಗಿಲಿನ ಕೀಲಿಕೈ 1951ರ ಜುಲೈ 28ರಂದು ಜಿನೀವಾ ನಗರದಲ್ಲಿ ಸಿದ್ಧವಾದ ನಿರಾಶ್ರಿತರ ಒಪ್ಪಂದ. ಜನಾಂಗ, ಮತ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಒಂದು ನಿರ್ದಿಷ್ಟ ಸಾಮಾಜಿಕ ವರ್ಗಕ್ಕೆ ಸೇರಿರುವಿಕೆ—ಈ ಐದರಲ್ಲೊಂದರ ನಿಮಿತ್ತ ಹಿಂಸೆಗೆ ಗುರಿಯಾಗುವೆನೆಂಬ ಸಕಾರಣವಾದ ಭಯವುಳ್ಳವನು ನಿರಾಶ್ರಿತನೆಂದು ಅದು ಹೇಳಿತು. ಅಂಥವನನ್ನು ಅಪಾಯವಿರುವೆಡೆಗೆ ಮರಳಿ ಅಟ್ಟಬಾರದೆಂದು ಅದರ 33ನೆಯ ವಿಧಿ ವಿಧಿಸಿತು. ಗಂಡು, ಹೆಣ್ಣು ಎಂಬ ಮಾತೇ ಆ ಪಟ್ಟಿಯಲ್ಲಿಲ್ಲ. ‘ಸಾಮಾಜಿಕ ವರ್ಗ’ ಎಂಬುದು ಸ್ವೀಡನ್ ದೇಶದ ಪ್ರತಿನಿಧಿಯ ಸಲಹೆಯ ಮೇರೆಗೆ ಸೇರಿದ ಮಾತು. ಆ ಕಿರುಬಾಗಿಲೇ ಮುಂದೆ ಅನೇಕರಿಗೆ ದಾರಿಯಾಯಿತು.

ದಾರಿ ಸುಲಭವಾಗಿ ತೆರೆಯಲಿಲ್ಲ. ಮೆಕ್ಸಿಕೋ ದೇಶದ ಹುಡುಗನೊಬ್ಬನ ಮೊಕದ್ದಮೆಯನ್ನು ನೋಡಬಹುದು. ಬಾಲ್ಯ ಕಳೆಯುವ ಮೊದಲೇ ಹೆಣ್ಣಿನ ಉಡುಪು ಧರಿಸತೊಡಗಿದ ಆತನನ್ನು ಶಾಲೆ ಹೊರಹಾಕಿತು, ಮನೆಯವರೂ ಹೊರಹಾಕಿದರು. ರಕ್ಷಿಸಬೇಕಾದ ಪೋಲೀಸರೇ ಮಾನಭಂಗ ಮಾಡಿದರು. ಹದಿನೈದರ ಹರೆಯದಲ್ಲಿ ಆತ ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ಓಡಿಬಂದ. ಬಟ್ಟೆಯನ್ನು ಇಚ್ಛೆಯಂತೆ ಬದಲಾಯಿಸಬಹುದಾದ್ದರಿಂದ ಇದು ಹುಟ್ಟುಗುಣವಲ್ಲವೆಂದು ಹೇಳಿ ಮೊದಲ ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಿದರು. ಬಟ್ಟೆ ಬದಲಾದೊಡನೆ ಮನುಷ್ಯ ಬದಲಾಗುವನೇ? ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯವು 2000ದ ಆಗಸ್ಟಿನಲ್ಲಿ ಆ ತೀರ್ಪನ್ನು ತಿರುವಿಹಾಕಿತು. ಒಬ್ಬನ ವ್ಯಕ್ತಿತ್ವಕ್ಕೆ ಬುಡದಂತಿರುವುದನ್ನು ಬದಲಾಯಿಸೆಂದು ಕೇಳುವ ಹಕ್ಕು ಯಾರಿಗೂ ಇಲ್ಲವೆಂಬುದು ಅದರ ನಿಲುವು.

ಹದಿನೈದು ವರ್ಷಗಳ ತರುವಾಯ, 2015ರ ಸೆಪ್ಟೆಂಬರಿನಲ್ಲಿ, ಅದೇ ನ್ಯಾಯಾಲಯದ ಮುಂದೆ ಮೆಕ್ಸಿಕೋದ ಇನ್ನೊಬ್ಬಳು ನಿಂತಳು. ಕನ್ನಡದಲ್ಲಿ ಈ ವಾಕ್ಯವನ್ನು ಮುಗಿಸಬೇಕಾದರೆ ‘ನಿಂತನು’ ಎನ್ನಬೇಕೋ ‘ನಿಂತಳು’ ಎನ್ನಬೇಕೋ ಎಂದು ಮೊದಲೇ ನಿಶ್ಚಯಿಸಬೇಕು. ಕ್ರಿಯಾಪದದ ತುದಿಯಲ್ಲಿಯೇ ತೀರ್ಪು ಕುಳಿತಿರುತ್ತದೆ. ಇಂಗ್ಲಿಷಿನ ಸರ್ವನಾಮದಲ್ಲಿಯೂ ಅದೇ ತೊಡಕು. ಕೆಳಗಿನ ನ್ಯಾಯಾಧೀಶರು ಆಕೆಯನ್ನು ಇನ್ನೂ ಗಂಡೆಂದೇ ಎಣಿಸಿ ‘ಅವಳು’ ಎನ್ನಲು ಒಪ್ಪಿರಲಿಲ್ಲ. ಮೆಕ್ಸಿಕೋದಲ್ಲಿ ಸಲಿಂಗಾನುರಾಗಿಗಳ ರಕ್ಷಣೆಗೆ ಕಾನೂನುಗಳು ಬಂದಿವೆ, ಆದ್ದರಿಂದ ಆಕೆಗೆ ಭಯವಿಲ್ಲ ಎಂಬುದು ಮೇಲಿನ ಮಂಡಲಿಯ ತರ್ಕ. ನ್ಯಾಯಾಲಯವು ಇದನ್ನು ತಪ್ಪೆಂದಿತು. ಯಾರನ್ನು ಪ್ರೀತಿಸುವೆನೆಂಬುದು ಬೇರೆ, ತಾನು ಯಾರೆಂಬುದು ಬೇರೆ. ಮೊದಲನೆಯವರಿಗೆ ದೊರೆತ ಕಾನೂನಿನ ಕೊಡೆ ಎರಡನೆಯವರ ತಲೆಯನ್ನು ಕಾಯುವುದೆಂದು ಹೇಳಲಾಗದು. ಅದಕ್ಕಿಂತ ಮಿಗಿಲಾಗಿ, ಆಕೆಯ ಮೇಲೆ ಕೈಮಾಡಿದವರಲ್ಲಿ ಆ ದೇಶದ ಪೋಲೀಸರೂ ಸೈನಿಕರೂ ಇದ್ದರು.

ತೊಡಕಿನ ಗಂಟು ಇಲ್ಲಿಯೇ ಇದೆ. ಪೆಟ್ಟು ತಿಂದವನು ಠಾಣೆಗೆ ಹೋಗಿ ದೂರು ಬರೆಸಬೇಕು, ಆ ಕಾಗದವೇ ಸಾಕ್ಷಿ ಎಂಬುದು ಲೋಕರೂಢಿ. ಪೆಟ್ಟು ಕೊಟ್ಟ ಕೈಯೇ ಲೇಖನಿ ಹಿಡಿದಿದ್ದರೆ ದೂರು ಬರೆದುಕೊಳ್ಳುವವರಾರು? ತಂದೆತಾಯಿಗಳೇ ಮನೆಯಿಂದ ಅಟ್ಟಿದ್ದರೆ ಸಾಕ್ಷಿ ನುಡಿಯುವ ಬಂಧುಗಳಾರು? ರಹದಾರಿಯಲ್ಲಿ ಒಂದು ಹೆಸರು, ಬಾಳುವುದು ಮತ್ತೊಂದು ಹೆಸರಿನಲ್ಲಿ. ಇರುವ ಒಂದು ಕಾಗದವೂ ಅರ್ಜಿದಾರಳ ಮಾತಿಗೆ ವಿರುದ್ಧವಾಗಿಯೇ ಕಾಣುತ್ತದೆ.

ಎಲ್ ಸಾಲ್ವಡಾರ್ ಎಂಬುದು ಮಧ್ಯ ಅಮೆರಿಕದ ಒಂದು ಪುಟ್ಟ ದೇಶ. ಹೆಣ್ಣಾಗಿ ಬಾಳುತ್ತಿದ್ದ ಕಮೀಲಾ ದಿಯಾಸ್ ಕೊರ್ದೋವಾ ಎಂಬಾಕೆ ಅಲ್ಲಿನ ಬೆದರಿಕೆಗಳಿಗೆ ಅಂಜಿ, 2017ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಸೇರಿ ಆಶ್ರಯ ಬೇಡಿದಳು. ಆಶ್ರಯ ದೊರೆಯಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಆಕೆಯನ್ನು ಸ್ವದೇಶಕ್ಕೆ ಮರಳಿಸಿದರು. ಕಾಗದದ ಮೇಲೆ ನೋಡಿದರೆ ಎಲ್ ಸಾಲ್ವಡಾರಿನಲ್ಲಿಯೂ ರಕ್ಷಣೆ ಇಲ್ಲದಿರಲಿಲ್ಲ: ಲಿಂಗತ್ವದ ಮೇಲಿನ ದ್ವೇಷದಿಂದ ಮಾಡಿದ ಕೊಲೆಗೆ ಹೆಚ್ಚಿನ ಶಿಕ್ಷೆಯೆಂದು 2015ರಲ್ಲಿ ಅಲ್ಲಿನ ದಂಡಸಂಹಿತೆಯನ್ನು ತಿದ್ದಿದ್ದರು. 2019ರ ಜನವರಿ 31ರಂದು ರಾಜಧಾನಿಯಾದ ಸಾನ್ ಸಾಲ್ವಡಾರಿನಲ್ಲಿ ಪೋಲೀಸರು ಆಕೆಯನ್ನು ತಮ್ಮ ವಾಹನಕ್ಕೆ ಹತ್ತಿಸಿಕೊಂಡರು. ಮೈಯೆಲ್ಲ ಗಾಯವಾಗಿ ಬಿದ್ದಿದ್ದ ಆಕೆಯನ್ನು ಆಸ್ಪತ್ರೆಗೆ ಸೇರಿಸಿದರೂ ಫೆಬ್ರವರಿ 3ರಂದು ಪ್ರಾಣ ಹೋಯಿತು. ಆಗ ಆಕೆಗೆ 29 ವರ್ಷ.

2020ರ ಜುಲೈ ತಿಂಗಳಲ್ಲಿ ಮೂವರು ಪೋಲೀಸರಿಗೆ ತಲಾ 20 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆ ದೇಶದಲ್ಲಿ ಇಂಥ ಕೊಲೆಗೆ ಶಿಕ್ಷೆಯಾದದ್ದು ಅದೇ ಮೊದಲು. ಆದರೆ ದ್ವೇಷದಿಂದ ಕೊಂದರೆಂಬ ಆರೋಪ ಮಾತ್ರ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕಮೀಲಾ ಹೇಳಿದ ಭಯ ನಿಜವೆಂಬುದಕ್ಕೆ ಕೊನೆಗೆ ಸಾಕ್ಷಿ ದೊರೆಯಿತು. ಅದನ್ನು ಹಿಡಿದು ಮತ್ತೊಮ್ಮೆ ಅರ್ಜಿ ಹಾಕಲು ಆಕೆಯೇ ಇರಲಿಲ್ಲ.

ಅಧಿಕಾರಿಗಳ ಕೆಲಸ ಹಗುರವೆಂದು ಹೇಳಲಾಗದು. ಬಂದವರೆಲ್ಲರೂ ನಿಜವನ್ನೇ ನುಡಿಯುವರೆಂದು ಯಾರೂ ಆಣೆಯಿಡಲಾರರು. ವಿಚಾರಣೆ ಬೇಕೇ ಬೇಕು. ವಿಚಾರಣೆಯ ಮೇರೆ ಯಾವುದೆಂಬುದಷ್ಟೇ ಪ್ರಶ್ನೆ. ಹಿಂದಿರುಗಿ ಹೋಗಿ ಯಾರಿಗೂ ತಿಳಿಯದಂತೆ ಗುಟ್ಟಾಗಿ ಬದುಕಿರಿ ಎಂಬ ವಾದವನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟು 2010ರ ಜುಲೈನಲ್ಲಿ ಒಪ್ಪಲಿಲ್ಲ. ಅದರ ಮುಂದಿದ್ದವರು ಇರಾನ್ ಮತ್ತು ಕ್ಯಾಮರೂನ್ ದೇಶಗಳ ಇಬ್ಬರು ಸಲಿಂಗಾನುರಾಗಿಗಳು. ಆದರೆ ಜೀವಮಾನವೆಲ್ಲ ಅಡಗಿರಬೇಕಾಗಿ ಬರುವ ಎಲ್ಲರಿಗೂ ಆ ಮಾತು ಅನ್ವಯಿಸುತ್ತದೆ. ಲಿಂಗತ್ವ ಅಲ್ಪಸಂಖ್ಯಾತರನ್ನು ಕುರಿತು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ 2012ರ ಅಕ್ಟೋಬರಿನಲ್ಲಿಯೇ ಮಾರ್ಗಸೂತ್ರ ಹೊರಡಿಸಿತು: ಚಿಕಿತ್ಸೆ ಪಡೆದಿಲ್ಲವೆಂಬ ಕಾರಣಕ್ಕೆ ಒಬ್ಬರ ಮಾತನ್ನು ಸುಳ್ಳೆನ್ನಬಾರದು. 2014ರ ಡಿಸೆಂಬರ್ 2ರಂದು ಯೂರೋಪಿನ ಒಕ್ಕೂಟದ ನ್ಯಾಯಾಲಯವು, ಮನುಷ್ಯನ ಘನತೆಗೆ ಕುಂದುತರುವ ದೇಹಪರೀಕ್ಷೆಗಳನ್ನು ಸಾಕ್ಷ್ಯವೆಂದು ಸ್ವೀಕರಿಸಬಾರದೆಂದು ಸಲಿಂಗಾನುರಾಗಿಗಳ ಮೊಕದ್ದಮೆಯೊಂದರಲ್ಲಿ ವಿಧಿಸಿತು.

ಹೀಗೆ ಅಂಗುಲ ಅಂಗುಲವಾಗಿ ತೆರೆದ ಬಾಗಿಲು ತೆರೆದೇ ಇರುವುದೆಂಬ ಭರವಸೆಯಿಲ್ಲ. 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ದಿನವೇ ಎರಡು ಆಜ್ಞೆಗಳಿಗೆ ರುಜು ಹಾಕಿದರು. ಸರ್ಕಾರವು ಗಂಡು, ಹೆಣ್ಣು ಎಂಬ ಎರಡನ್ನೇ, ಅದೂ ಹುಟ್ಟಿನ ಪ್ರಕಾರವೇ, ಮನ್ನಿಸತಕ್ಕದ್ದೆಂದು ಒಂದು. ದಕ್ಷಿಣದ ಗಡಿಯಿಂದ ಬರುವವರಿಗೆ ಆಶ್ರಯದ ದಾರಿಯನ್ನು ಮುಚ್ಚತಕ್ಕದ್ದೆಂದು ಮತ್ತೊಂದು. ಎರಡೂ ನ್ಯಾಯಾಲಯಗಳ ಮೆಟ್ಟಿಲೇರಿದವು. ಮಧ್ಯ ಅಮೆರಿಕದಿಂದ ಹೊರಟವಳೊಬ್ಬಳ ಮಟ್ಟಿಗೆ ಎರಡು ಬಾಗಿಲುಗಳಿಗೂ ಒಂದೇ ದಿನ ಅಗುಳಿ ಬಿದ್ದಂತಾಯಿತು.

ವಿಭೀಷಣನ ಮಾತು ಸುಳ್ಳಾಗಿದ್ದರೆ ನಷ್ಟ ರಾಮನದು. ಅವನು ಆ ನಷ್ಟದ ಸಂಭವವನ್ನು ಅರಿತೇ ಅಭಯ ಕೊಟ್ಟನು. ಇಂದಿನ ಕಚೇರಿಗಳಲ್ಲಿ ಅಧಿಕಾರಿಯ ಊಹೆ ತಪ್ಪಿದರೆ ಕಡತದಲ್ಲಿ ಒಂದು ಷರಾ ತಪ್ಪುತ್ತದೆ. ಆ ತಪ್ಪಿನ ಬೆಲೆಯನ್ನು ತೆರುವವಳು ಮೇಜಿನ ಆಚೆ ಕುಳಿತಿರುವವಳು. ಇಷ್ಟನ್ನು ನೆನಪಿನಲ್ಲಿಟ್ಟು ಪ್ರಶ್ನೆ ಕೇಳುವುದಾದರೆ ಸುಗ್ರೀವನ ಸಂಶಯವೂ ಧರ್ಮಕ್ಕೆ ಹೊರತಾಗದು.