ಹಾಡಲ್ಲ ಅಂತ ಕೂತು ಗೆದ್ದ ಗಾಯಕ

ಕಾರ್ಖಾನೆಯಲ್ಲಿ ಮುಷ್ಕರ ನಡೆಯೋದು ನಮಗೆಲ್ಲ ಗೊತ್ತು. ಒಬ್ಬ ಗಾಯಕ ಒಬ್ಬನೇ ಮುಷ್ಕರ ಹೂಡಿದ ಕಥೆ ಗೊತ್ತಾ? 1970ರಲ್ಲಿ ಅಮೆರಿಕದ ಮಾರ್ವಿನ್ ಗೇ ತನ್ನ ಕಂಪನಿಗೆ ಹೇಳಿದ್ದು ಇಷ್ಟೇ: ಈ ಹಾಡು ಬಿಡುಗಡೆ ಮಾಡೋವರೆಗೂ ನಾನು ಇನ್ನೊಂದು ಹಾಡು ಹಾಡಲ್ಲ.

ಮಾರ್ವಿನ್ ಸೋಲ್ ಗಾಯಕ. ಚರ್ಚಿನ ಭಕ್ತಿಗಾಯನದ ಆವೇಶವನ್ನು ಲೌಕಿಕ ಹಾಡುಗಳಿಗೆ ತಂದ ಕಪ್ಪು ಜನರ ಸಂಗೀತ ಅದು. ಆತನ ಕಂಪನಿ ಡೆಟ್ರಾಯಿಟ್‌ನ ಮೋಟೌನ್. ಬೆರ್ರಿ ಗಾರ್ಡಿ ಎಂಬಾತ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಅದನ್ನು ಶುರು ಮಾಡಿದ್ದ. ಅದಕ್ಕೂ ಮೊದಲು ಗಾರ್ಡಿ ಕಾರ್ ಫ್ಯಾಕ್ಟರಿಯಲ್ಲಿ ದುಡಿದವನು. ಕಾರು ತಯಾರಾಗುವ ಹಾಗೇ ಹಾಡೂ ತಯಾರಾಗಲಿ ಅನ್ನೋದು ಅವನ ಲೆಕ್ಕ. ಬರೆಯೋರು ಒಬ್ಬರು, ನುಡಿಸೋರು ಇನ್ನೊಬ್ಬರು, ಹಾಡೋರು ಮತ್ತೊಬ್ಬರು. ಗಾಯಕರು ಹೇಗೆ ನಡೀಬೇಕು, ಹೇಗೆ ಕೂರಬೇಕು ಅಂತ ಕಲಿಸೋದಕ್ಕೂ ಜನ ಇದ್ದರು. ಕೊನೆಗೆ ಕ್ವಾಲಿಟಿ ಕಂಟ್ರೋಲ್ ಮೀಟಿಂಗ್. ಅಲ್ಲಿ ಪಾಸಾದ ಹಾಡು ಮಾತ್ರ ಹೊರಗೆ. ನಮ್ಮ ಸಾಫ್ಟ್‌ವೇರ್ ಆಫೀಸಿನ ರಿಲೀಸ್ ಮೀಟಿಂಗೇ ನೋಡಿ!

ಈ ಪದ್ಧತಿಯನ್ನು ಸುಮ್ಮನೆ ಬೈಯೋಕಾಗಲ್ಲ. ಕಪ್ಪು ಗಾಯಕರ ದನಿಯನ್ನು ಬಿಳಿಯರ ಮನೆಯ ರೇಡಿಯೋದವರೆಗೂ ತಲುಪಿಸಿದ್ದು ಇದೇ. ಮಾರ್ವಿನ್ ಸ್ಟಾರ್ ಆದದ್ದೂ ಇದರಿಂದಲೇ. ಸಾಲದ್ದಕ್ಕೆ ಗಾರ್ಡಿಯ ಅಕ್ಕ ಅನ್ನಾಳನ್ನೇ ಆತ ಮದುವೆಯಾಗಿದ್ದ. ಬಾಸ್ ಅಂದರೂ ಗಾರ್ಡಿಯೇ, ಹೆಂಡತಿಯ ತಮ್ಮ ಅಂದರೂ ಗಾರ್ಡಿಯೇ. ಜಗಳ ಆಡೋದು ಸುಲಭವಾ?

ಆದರೆ 1970ರ ಹೊತ್ತಿಗೆ ಮಾರ್ವಿನ್‌ಗೆ ಸಿಹಿ ಪ್ರೇಮಗೀತೆ ಹಾಡೋಕೆ ಮನಸ್ಸೇ ಇರಲಿಲ್ಲ. ಜೊತೆಗೆ ಹಾಡುತ್ತಿದ್ದ ಟ್ಯಾಮಿ ಟೆರೆಲ್ 24ನೇ ವಯಸ್ಸಿಗೆ ಮೆದುಳಿನ ಗಡ್ಡೆಯಿಂದ ತೀರಿಕೊಂಡಿದ್ದಳು. ತಮ್ಮ ಫ್ರಾಂಕಿ ವಿಯೆಟ್ನಾಂ ಯುದ್ಧ ಕಂಡು ಬಂದಿದ್ದ. ಆಗ ಕೈಗೆ ಸಿಕ್ಕಿದ್ದು ‘ವಾಟ್ಸ್ ಗೋಯಿಂಗ್ ಆನ್’. ಬರ್ಕ್ಲಿಯಲ್ಲಿ ಪ್ರತಿಭಟನೆ ಮಾಡುತ್ತಿದ್ದ ಹುಡುಗರಿಗೆ ಪೊಲೀಸರು ಹೊಡೆದದ್ದನ್ನು ಕಣ್ಣಾರೆ ಕಂಡ ‘ಫೋರ್ ಟಾಪ್ಸ್’ ತಂಡದ ರೆನಾಲ್ಡೊ ಬೆನ್ಸನ್ ಶುರು ಮಾಡಿದ ಹಾಡು. ಮಾರ್ವಿನ್ ಅದನ್ನು ತನ್ನದಾಗಿಸಿಕೊಂಡು ರೆಕಾರ್ಡ್ ಮಾಡಿದ.

ಗಾರ್ಡಿ ಒಪ್ಪಲಿಲ್ಲ. ಪ್ರೇಮಗೀತೆಯ ನಾಯಕನ ಬಾಯಲ್ಲಿ ಯುದ್ಧ, ಲಾಠಿ ಯಾಕೆ? ಕೇಳುಗರು ದೂರ ಹೋದರೆ? ವ್ಯಾಪಾರಿಯ ಭಯ ಅದು. ರೆಕಾರ್ಡಿಂಗ್ ಕಂಪನಿಯದು, ಕಾಂಟ್ರಾಕ್ಟ್ ಕಂಪನಿಯದು. ಮಾರ್ವಿನ್ ಹತ್ತಿರ ಉಳಿದದ್ದು ಗಂಟಲೊಂದೇ. ಅದನ್ನೇ ಮುಚ್ಚಿಕೊಂಡು ಕೂತ.

1971ರ ಜನವರಿಯಲ್ಲಿ ಹಾಡು ಕೊನೆಗೂ ಹೊರಬಂತು. ಆರ್ ಅಂಡ್ ಬಿ ಪಟ್ಟಿಯಲ್ಲಿ ಮೊದಲ ಸ್ಥಾನ, ಪಾಪ್ ಪಟ್ಟಿಯಲ್ಲಿ ಎರಡನೆಯದು. ಬೇಡ ಅಂದಿದ್ದ ಗಾರ್ಡಿಯೇ ಈಗ ಆಲ್ಬಮ್ ಬೇಗ ಕೊಡು ಅಂದ! ಮೇ ತಿಂಗಳಲ್ಲಿ ಆಲ್ಬಮ್ ಬಂದಾಗ ಅದರ ಹೊದಿಕೆಯ ಮೇಲೆ ಇನ್ನೊಂದು ವಿಶೇಷ ಇತ್ತು. ಅಲ್ಲಿವರೆಗೆ ಹೆಸರಿಲ್ಲದೆ ನುಡಿಸುತ್ತಿದ್ದ ಮೋಟೌನ್ ವಾದ್ಯಗಾರರ ಹೆಸರುಗಳು ಅಚ್ಚಾಗಿದ್ದವು. ಒಬ್ಬನ ಹಟದಿಂದ ಹಲವರಿಗೆ ಗೌರವ ಸಿಕ್ಕಿತು. ಅದೇ ವರ್ಷ 21 ತುಂಬಿದ ಸ್ಟೀವಿ ವಂಡರ್ ಹಳೇ ಕಾಂಟ್ರಾಕ್ಟ್ ಮುಗಿಯೋಕೆ ಬಿಟ್ಟು, ತನ್ನ ಸಂಗೀತ ತನ್ನ ಇಷ್ಟದಂತೆ ಅನ್ನೋ ಷರತ್ತಿನ ಮೇಲೆ ಮೋಟೌನ್ ಜೊತೆ ಹೊಸದಾಗಿ ಸಹಿ ಹಾಕಿದ.

ಹಾಗಂತ ಎಲ್ಲವೂ ಗೆದ್ದಂತಲ್ಲ. ಏನು ಹಾಡಬೇಕು ಅನ್ನೋ ಹಕ್ಕು ಸಿಕ್ಕರೂ ಮೂಲ ಟೇಪುಗಳು ಕಂಪನಿಯದಾಗಿಯೇ ಉಳಿದವು. ಮಾರ್ವಿನ್ ಮೋಟೌನ್ ಬಿಟ್ಟದ್ದು 1982ರಲ್ಲಿ. ನಾನು ಬರೆಯೋ ಕೋಡೂ ಕಂಪನಿಯದೇ, ಅದರಲ್ಲಿ ನನಗೆ ಬೇಜಾರಿಲ್ಲ, ಸಂಬಳ ಬರುತ್ತೆ. ಆದರೆ ಆ ಕೋಡಿನಲ್ಲಿ ನನ್ನ ದನಿ ಇರಲ್ಲ, ಸತ್ತ ಗೆಳತಿಯ ನೆನಪಿರಲ್ಲ. ಹಾಡಿನಲ್ಲಿ ಇರುತ್ತೆ. ಅದಕ್ಕೇ ಗಾಯಕರ ಈ ಜಗಳ ಬರೀ ದುಡ್ಡಿನದಲ್ಲ ಅನ್ನಿಸುತ್ತೆ.

ಒಂದು ಸಂಜೆ ಬಿಡುವು ಮಾಡಿಕೊಂಡು ಆ ಆಲ್ಬಮ್ ಕೇಳಿ. ಒಂಬತ್ತು ಹಾಡು, ಒಟ್ಟು ಮುಕ್ಕಾಲು ಗಂಟೆಯೂ ಇಲ್ಲ. ಒಂದು ಹಾಡು ಇನ್ನೊಂದರೊಳಗೆ ಹರಿಯುತ್ತೆ, ಮಧ್ಯೆ ನಿಲ್ಲಿಸಬೇಡಿ.